ಒಂದೂ ಇಲ್ಲ, ಮೂರೂ ಇಲ್ಲ

ಮನಃಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ ಎಂದಾಗ ಪುಂಜಾಲಕಟ್ಟೆಯ ಪರಿಚಯದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಹುಚ್ಚಿನ ಡಾಕ್ಟರಾ?" ಅಲ್ಲ, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರ ಮನಸ್ಸಿನ ಬಗ್ಗೆ ಓದುವುದು ಎಂದು ವಿವರಿಸಿದರೆ ಇನ್ನೂ ಕಷ್ಟ. "ದುಡಿಯುವವರ ಮನಸ್ಸಲ್ಲಿ ಏನುಂಟು ಮಾರಾಯ್ತಿ, ಬೆನ್ನು ನೋವುಂಟು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಮಾತ್ರ, ನಿಮಗೆ ತೋರಿಸಿಕೊಡ್ತೇನೆ ನೋಡಿ ಎಂದುಕೊಳ್ಳುತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಾರ್ಮಾಡಿ ಹತ್ತಿ ಘಟ್ಟದ ಮೇಲಿನ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಲೆಕ್ಕಕ್ಕೆ ಹೆದರಿ ಈ ಕಡೆ ಬಂದವರೇ ನಮ್ಮ ತರಗತಿಯಲ್ಲಿ ಹೆಚ್ಚು. ಎರಡನೆಯ ವರ್ಷ ಉನ್ನತ ಸಂಶೋಧನಾ ವಿಧಾನಗಳ ಪತ್ರಿಕೆ ಎದುರಾದಾಗ ಅವರ ಮುಖ ನೋಡಬೇಕಿತ್ತು. ಸರಾಸರಿ, ವಿಚಲನೆ, ಸಹಸಂಬಂಧ, ಫ್ಯಾಕ್ಟರ್ ಅನಾಲಿಸಿಸ್, ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಇಡೀ ವಿಭಾಗಕ್ಕೆ ಇದ್ದದ್ದು ಹಿಡಿ ತಿರುಗಿಸುವ ಒಂದು ಲೆಕ್ಕದ ಯಂತ್ರ. ಅದರ ಮುಂದೆ ಕುಳಿತರೆ ನನಗೆ ಊಟದ ನೆನಪಾಗುತ್ತಿರಲಿಲ್ಲ. ಜನರ ಮನಸ್ಸಿನಂಥ ಕೈಗೆ ಸಿಗದ ವಸ್ತುವನ್ನೂ ಅಳೆಯಬಹುದು, ಅಳತೆ ಸರಿಯೋ ತಪ್ಪೋ ಎಂದು ಮತ್ತೆ ಪರೀಕ್ಷಿಸಬಹುದು ಎನ್ನುವುದೇ ನನಗೆ ದೊಡ್ಡ ಸಂಗತಿ. ಆ ಪತ್ರಿಕೆಯಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪ್ರಬಂಧಕ್ಕೆ ಮೂಡಬಿದಿರೆಯ ಕಡೆಯ ಒಂದು ಗೇರುಬೀಜದ ಕಾರ್ಖಾನೆಯನ್ನು ಆರಿಸಿಕೊಂಡೆ. ಮೇಸ್ತ್ರಿ ಹೇಗೆ ನಡೆಸಿಕೊಳ್ಳುತ್ತಾರೆ ಎನ್ನುವುದಕ್ಕೂ ಹೆಂಗಸರಿಗೆ ಕೆಲಸದಲ್ಲಿರುವ ತೃಪ್ತಿಗೂ ಸಂಬಂಧವಿದೆಯೇ ಎನ್ನುವುದು ನನ್ನ ವಿಷಯ. ರಜೆಯಲ್ಲಿ ಊರಿಗೆ ಬಂದು, ಬಂಟ್ವಾಳದಲ್ಲಿ ಬಸ್ಸು ಬದಲಿಸಿ, ಸಿದ್ಧಕಟ್ಟೆಯ ದಾರಿಯಾಗಿ ದಿನಾ ಹೋಗುತ್ತಿದ್ದೆ.

ಪುಸ್ತಕದಲ್ಲಿ ಹೇಳಿದಂತೆ ಪ್ರಶ್ನೆಪತ್ರ ಅಚ್ಚು ಹಾಕಿಸಿ ಹಂಚುವಂತಿರಲಿಲ್ಲ. ಗೇರುಬೀಜ ಒಡೆಯುವವರ ಕೈ ಕಪ್ಪು ಎಣ್ಣೆ; ಮುಟ್ಟಿದ ಕಾಗದ ಮತ್ತೆ ಓದಲು ಬರುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಪ್ರಶ್ನೆಯನ್ನು ತುಳುವಿನಲ್ಲಿ ನಾನೇ ಕೇಳುವುದು, ಮುಂದೆ ಒಂದು ತೆಂಗಿನ ಗೆರಟೆ ಇಡುವುದು, ಪಕ್ಕದಲ್ಲಿ ಚೆನ್ನೆಯಾಟಕ್ಕೆ ಬಳಸುವ ಕೆಂಪು ಮಂಜೊಟ್ಟಿ ಬೀಜ. ಮೇಸ್ತ್ರಿ ನಿಮ್ಮ ಕಷ್ಟ ಕೇಳುತ್ತಾರೆಯೇ? ಯಾವಾಗಲೂ ಕೇಳುವುದಾದರೆ ಗೆರಟೆಗೆ ಐದು ಬೀಜ ಹಾಕಿ, ಕೇಳುವುದೇ ಇಲ್ಲವಾದರೆ ಒಂದು. ನಡುವಿನದ್ದಕ್ಕೆ ಎರಡು, ಮೂರು, ನಾಲ್ಕು. ಹೆಂಗಸರು ಖುಷಿಯಲ್ಲಿ ಕುಳಿತು ಹಾಕಿದರು. ಕಾಗದ ಹಿಡಿದವರೆಲ್ಲ ಅವರಿಗೆ ಟೀಚರೇ. "ಟೀಚರೇ, ಇನ್ನೂ ಪ್ರಶ್ನೆ ಉಂಟಾ?" ಎಂದು ಕೇಳಿ ಕೇಳಿ ಉತ್ತರ ಕೊಟ್ಟರು. ಘಟ್ಟ ಹತ್ತುವಾಗ ನನ್ನ ಚೀಲ ಭಾರವಾಗಿತ್ತು, ಮನಸ್ಸು ಹಗುರವಾಗಿತ್ತು.

ಮಾರ್ಗದರ್ಶಕ ಪ್ರಾಧ್ಯಾಪಕರು ಮೈಸೂರಿನ ಕಡೆಯವರು, ಅಂಕಿಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾನು ಪ್ರತಿಯೊಬ್ಬರ ಒಟ್ಟು ಅಂಕ ಕೂಡಿಸಿಕೊಂಡು ಹೋಗಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು ಬಿಡಿಬಿಡಿ ಉತ್ತರಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡತೊಡಗಿದರು. ಎರಡರ ಮೇಲೆ ಒಂದು ಕಂಬ ಎದ್ದಿತು, ನಾಲ್ಕರ ಮೇಲೆ ಎದ್ದಿತು, ಐದರ ಮೇಲೂ ಎದ್ದಿತು. ಒಂದು ಮತ್ತು ಮೂರರ ಜಾಗ ಹೆಚ್ಚುಕಡಿಮೆ ಖಾಲಿ.

"ಏನಮ್ಮಾ ಇದು?" ಎಂದರು. "ಮನುಷ್ಯರ ಉತ್ತರ ಹೀಗೆ ಹಲ್ಲು ಬಿದ್ದ ಬಾಯಿ ಥರ ಇರಲ್ಲ. ಹಾಸ್ಟೆಲ್‌ನಲ್ಲಿ ಕೂತು ಬರೆದ್ಯಾ?"

ಇಲ್ಲ ಸರ್, ಎಲ್ಲ ಕೇಳಿಯೇ ಬರೆದದ್ದು ಎಂದೆ. ಅವರು ಜೋರು ಮಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ನನ್ನ ಹತ್ರ ಇನ್ನೊಂದು ಕಾರ್ಖಾನೆಯ ಹಳೇ ಅಂಕಿಅಂಶ ಇದೆ, ಅದನ್ನ ತಗೊಂಡು ಪಾಸಾಗು. ಇದಕ್ಕೆ ನಾನು ಸಹಿ ಹಾಕಲ್ಲ" ಎಂದು ಹಾಳೆಗಳನ್ನು ನನ್ನ ಕಡೆ ತಳ್ಳಿದರು. ಸಹಿ ಇಲ್ಲದಿದ್ದರೆ ಪ್ರಬಂಧ ಇಲ್ಲ, ಪ್ರಬಂಧ ಇಲ್ಲದಿದ್ದರೆ ಪದವಿ ಇಲ್ಲ. ಆದರೆ ಆ ಕ್ಷಣಕ್ಕೆ ನನಗೆ ಪದವಿಯ ಚಿಂತೆ ಇರಲಿಲ್ಲ. ಸುಳ್ಳಿ ಎನಿಸಿಕೊಂಡು ಪಾಸಾಗುವುದಕ್ಕಿಂತ ಫೇಲಾಗುವುದು ವಾಸಿ ಎನಿಸಿತು. ಅಳು ಬರಲಿಲ್ಲ, ಸಿಟ್ಟು ಬಂತು. ಹಾಳೆಗಳನ್ನು ಎತ್ತಿಕೊಂಡು ಹಬ್ಬದ ರಜೆಗೆ ಊರಿಗೆ ಬಂದೆ.

ಮನೆಗೆ ಕೊಕ್ಕಡದಿಂದ ಚಿಕ್ಕಮ್ಮ ಬಂದಿದ್ದರು. ಬೆಳಗ್ಗೆ ನೀರುದೋಸೆ. ಅಮ್ಮ ಹೊಯ್ಯುವುದು, ನಾನು ಬಡಿಸುವುದು. ಮುಖ ಗಂಟು ಹಾಕಿಕೊಂಡೇ ಬಡಿಸುತ್ತಿದ್ದೆ. ಚಿಕ್ಕಮ್ಮ "ನನಗೆ ಒಂದು ಸಾಕು" ಎಂದರು. ನಾನು ಒಂದು ಹಾಕಿದೆ.

ಒಲೆಯ ಹತ್ತಿರದಿಂದಲೇ ಅಮ್ಮ ಗದರಿದರು. "ಒಂದು ಹಾಕ್ತಾರಾ ಯಾರಾದರೂ? ಎರಡು ಹಾಕು."

ಎರಡು ಹಾಕಿದೆ. ಚಿಕ್ಕಮ್ಮ ತಿಂದು, ರುಚಿ ಹಿಡಿದು, "ಇನ್ನೊಂದು ಕೊಡು" ಎಂದರು.

"ಮೂರು ಆಗ್ತದೆ. ಇನ್ನೊಂದೂ ಸೇರಿಸಿ ಹಾಕು, ಅಷ್ಟೂ ಗೊತ್ತಾಗುವುದಿಲ್ವಾ ನಿನಗೆ?" ಎಂದರು ಅಮ್ಮ.

ದೋಸೆಯ ತಟ್ಟೆ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ. ಒಂದೂ ಇಲ್ಲ, ಮೂರೂ ಇಲ್ಲ. ಗ್ರಾಫಿನಲ್ಲಿ ಖಾಲಿ ಬಿದ್ದಿದ್ದ ಜಾಗ ಅವೇ ಎರಡು. "ಏನಾಯ್ತು ಇವಳಿಗೆ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು. ನಾನು ಆಗಲೇ ಸೀರೆ ಬದಲಿಸಲು ಓಡಿದ್ದೆ.

ಕಾರ್ಖಾನೆಯಲ್ಲಿ ಒಬ್ಬ ಹಿರಿಯ ಹೆಂಗಸನ್ನು ಮಧ್ಯಾಹ್ನದ ಬಿಡುವಿನಲ್ಲಿ ಹಿಡಿದು ಕೇಳಿದೆ. "ಅಕ್ಕ, ಮೇಸ್ತ್ರಿ ಕಷ್ಟ ಕೇಳುವುದೇ ಇಲ್ಲ ಅಂತ ಈಗಷ್ಟೇ ಬಾಯಲ್ಲಿ ಹೇಳಿದಿರಿ. ಹಾಗಾದರೆ ಒಂದು ಬೀಜ ಅಲ್ವಾ ಹಾಕಬೇಕಾದ್ದು? ಅವತ್ತು ಎರಡು ಯಾಕೆ ಹಾಕಿದಿರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವು ಅಷ್ಟು ದೂರದಿಂದ ಕೇಳಿಕೊಂಡು ಬಂದವರು. ನಿಮ್ಮ ಗೆರಟೆಗೆ ಒಂದೇ ಒಂದು ಹಾಕಿ ಕಳಿಸುವುದಾ? ಮರ್ಯಾದೆ ಬೇಡವಾ ನಮಗೆ?"

"ಮತ್ತೆ ಮೂರು?"

"ಮೂರು ಕೊಟ್ಟರೆ ಒಳ್ಳೆದಲ್ಲ ಟೀಚರೇ. ನೀವು ಓದುವ ಹುಡುಗಿ, ನಿಮಗೆ ಯಾಕೆ ಕೆಟ್ಟದು ಮಾಡುವುದು?"

ಅವರಿಗೆ ಅದು ಅಳತೆಯಾಗಿರಲಿಲ್ಲ, ಕೊಡುವುದಾಗಿತ್ತು. ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ಅಂಕಿಗಳನ್ನು ಕೆಡಿಸಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಆಮೇಲೆ ಮಾಡಿದ್ದು ಪೂರ್ತಿ ನನ್ನ ತಲೆ. ಎಣಿಸುವುದನ್ನೇ ತೆಗೆದುಹಾಕಿದೆ. ಐದು ಗೆರಟೆಗಳನ್ನು ಸಾಲಾಗಿಟ್ಟೆ. ಈ ತುದಿ 'ಇಲ್ಲವೇ ಇಲ್ಲ', ಆ ತುದಿ 'ಯಾವಾಗಲೂ ಉಂಟು'. ಎಲ್ಲರಿಗೂ ಒಂದೇ ಬೀಜ, ಅದೂ ನನ್ನದು, ಯಾರೂ ಯಾರಿಗೂ ಕೊಡುವುದಿಲ್ಲ. ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತದೋ ಆ ಗೆರಟೆಯಲ್ಲಿ ಇಡಿ ಎಂದೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣದಂತೆ ಗೋಣಿ ಕಟ್ಟಿಸಿದೆ. ಸ್ವಲ್ಪ ದಿನ ಬಿಟ್ಟು ಅವರಲ್ಲೇ ಕೆಲವರನ್ನು ಮತ್ತೆ ಕೇಳಿದೆ. ಮೊದಲ ಉತ್ತರ, ಎರಡನೆಯ ಉತ್ತರ ಹತ್ತಿರ ಹತ್ತಿರ ಬಿದ್ದವು. ಈ ಸಲ ಮೊದಲ ಗೆರಟೆಯೂ ಖಾಲಿ ಉಳಿಯಲಿಲ್ಲ, ನಡುವಿನದ್ದೂ ಉಳಿಯಲಿಲ್ಲ. ಮೇಸ್ತ್ರಿಯ ಬಗ್ಗೆ ಅವರಿಗಿದ್ದ ಸಿಟ್ಟು ಕೊನೆಗೂ ಅಂಕಿಯಲ್ಲಿ ಕಾಣಿಸಿತು. ಮೇಸ್ತ್ರಿಯ ನಡತೆಗೂ ಅವರ ತೃಪ್ತಿಗೂ ಇರುವ ಸಹಸಂಬಂಧವನ್ನು ಯಂತ್ರದ ಹಿಡಿ ತಿರುಗಿಸಿ ಎರಡೆರಡು ಸಲ ತೆಗೆದು ನೋಡಿದೆ.

ಹಳೆಯ ಅಂಕಿಗಳನ್ನು ನಾನು ಬಿಸಾಡಲಿಲ್ಲ. ಎರಡು ಗ್ರಾಫನ್ನೂ ಪಕ್ಕಪಕ್ಕದಲ್ಲಿಟ್ಟು, ಏನಾಯಿತು, ಯಾಕಾಯಿತು ಎಂದು ಒಂದು ಅಧ್ಯಾಯವನ್ನೇ ಬರೆದೆ. ಪ್ರಾಧ್ಯಾಪಕರು ಓದಿ, ಏನೂ ಹೇಳದೆ ಸಹಿ ಹಾಕಿದರು. ಒಂದು ಮಾತಾದರೂ ಆಡಬಾರದಿತ್ತೇ ಎಂದು ನನಗೆ ಉರಿಯಿತು. ಸಹಿ ಸಿಕ್ಕಿತ್ತು, ಆದರೆ ಸುಳ್ಳಿ ಎಂದದ್ದು ಹಾಗೆಯೇ ಉಳಿದಿತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಆ ಅಧ್ಯಾಯವನ್ನು ತೆರೆದಿಟ್ಟು ಬಹಳ ಹೊತ್ತು ನೋಡಿದರು. ನಂತರ ನನ್ನನ್ನು ಬಿಟ್ಟು ಪ್ರಾಧ್ಯಾಪಕರ ಕಡೆ ತಿರುಗಿದರು. "ಇದನ್ನು ಪತ್ತೆ ಮಾಡಿದ್ದು ತಾವೇ ಇರಬೇಕು. ವಿದ್ಯಾರ್ಥಿಗಳಿಗೆ ಇದೆಲ್ಲ ಹೊಳೆಯುವುದು ಕಷ್ಟ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಎದುರು ಹೇಳುವಂತಿರಲಿಲ್ಲ. ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲ ಸರ್," ಎಂದರು. "ನಾನು ಈ ಹುಡುಗಿಗೆ, ನೀನು ಅಂಕಿ ಕಟ್ಟಿದೀಯ ಅಂತ ಮುಖದ ಮೇಲೆ ಹೇಳಿದ್ದೆ. ತಪ್ಪು ನನ್ನದು. ಕಂಡುಹಿಡಿದದ್ದು, ಸರಿ ಮಾಡಿದ್ದು, ಎರಡೂ ಇವಳೇ."

ಆಮೇಲೆ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ನನ್ನ ಕಿವಿಗೆ ಬೀಳಲೇ ಇಲ್ಲ. ಇನ್ನೊಮ್ಮೆ ಕೇಳಿ ಸರ್ ಎಂದು ಹೇಳಿ, ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡೆ.