ಧರ್ಮದ ಖಾನೆಗೆ ಒಂದು ಶಬ್ದ

ಸೌದಿಯಲ್ಲಿ ಇರಲು ಕೊಟ್ಟ ಪರವಾನಗಿ ಕಾರ್ಡಿನಲ್ಲಿ, ನನ್ನ ಇಕಾಮಾದಲ್ಲಿ, ನಾನು ಎಲೆಕ್ಟ್ರಿಕಲ್ ಟೆಕ್ನಿಷಿಯನ್. ಮನೆಯ ಫ್ಯೂಸು ಹೋದರೆ ಪಕ್ಕದವರನ್ನು ಕರೆಯುತ್ತೇನೆ. ಓದಿದ್ದು ಇತಿಹಾಸ, ಮಾಡುವುದು ರಾಬಿಗ್‌ನಲ್ಲಿ ಗುತ್ತಿಗೆದಾರನೊಬ್ಬನ ಕಚೇರಿಯ ಕಡತದ ಕೆಲಸ. ನಾನು ಬಂದ ವರ್ಷ, ನನ್ನನ್ನು ಕರೆಸಿಕೊಂಡ ಕಫೀಲನ ಬಳಿ ಉಳಿದಿದ್ದದ್ದು ಆ ವೀಸಾ ಒಂದೇ. ಹಾಗಾಗಿ ಖಾನೆಯೊಳಗೆ ಬರೆದದ್ದನ್ನು ನಾನು ಸುಲಭವಾಗಿ ನಂಬುವವನಲ್ಲ.

ಕಳೆದ ವರ್ಷ ಒಂದು ಶುಕ್ರವಾರ, ಒಂಬತ್ತನೇ ತರಗತಿಯ ಮಗಳು ಶಾಲೆಯ ಹಾಳೆಯೊಂದನ್ನು ಊಟದ ಮೇಜಿನ ಮೇಲೆ ಹರಡಿದಳು. ಒಂದರ ಕೆಳಗೊಂದು ಮೊಘಲ್, ಒಟ್ಟೋಮನ್, ವಿಜಯನಗರ. ಮೇಲ್ಗಡೆ ಸಮಾಜ, ಧರ್ಮ, ಭೂಪ್ರದೇಶ. ಪ್ರತಿ ಖಾನೆಗೂ ಒಂದೇ ಶಬ್ದ. ವಿಜಯನಗರದ ಧರ್ಮಕ್ಕೆ ಅವಳು ಪೆನ್ಸಿಲಿನಲ್ಲಿ 'ಹಿಂದೂ' ಎಂದು ಬರೆದಾಗಿತ್ತು.

ಅಳಿಸು ಎಂದೆ.

ಚಿಕ್ಕಂದಿನಿಂದ ಅವಳಿಗೊಂದು ಕಥೆ ಹೇಳಿದ್ದೇನೆ. ಸೈನ್ಯದ ಮುಸ್ಲಿಂ ಕುದುರೆ ಸವಾರರು ಸಂಕೋಚವಿಲ್ಲದೆ ವಂದಿಸಲೆಂದು ವಿಜಯನಗರದ ಅರಸನೊಬ್ಬ ಸಿಂಹಾಸನದ ಮುಂದೆ ಕುರಾನ್ ಇರಿಸಿದ್ದನಂತೆ. ಅದನ್ನೇ ಬರೆ ಎಂದೆ.

"ಯಾವ ಬುಕ್ಕಲ್ಲಿದೆ ಪಪ್ಪಾ? ಟೀಚರ್ ಕೇಳ್ತಾರೆ."

ಮಂಗಳೂರಿನ ತರಗತಿಯಲ್ಲಿ ಕೇಳಿದ್ದೆಂದು ನಂಬಿದ್ದೆ. ಮೇಷ್ಟ್ರ ಮುಖ ನೆನಪಾಗುತ್ತದೆ, ಅವರು ಆ ಮಾತು ಆಡಿದ್ದು ನೆನಪಾಗುವುದಿಲ್ಲ. ಎಲ್ಲೋ ಓದಿದ್ದೆನೋ? ಅಥವಾ ನನ್ನ ಮೊದಲ ಇಕಾಮಾದಲ್ಲಿ ಧರ್ಮದ ಎದುರು 'ಮುಸ್ಲಿಮೇತರ' ಎಂದು ಕಂಡ ದಿನ, ನನಗೆ ಬೇಕಾಗಿ ನಾನೇ ಕಟ್ಟಿಕೊಂಡೆನೋ?

ಊಟಕ್ಕೆ ಬಂದಿದ್ದ ಗೆಳೆಯ, ಕೆಳಗಿನ ಬಟ್ಟೆ ಅಂಗಡಿಯ ಉಳ್ಳಾಲದ ಬ್ಯಾರಿ ಮುಸ್ಲಿಂ, ಬಂಗುಡೆಯ ಮುಳ್ಳು ಬಿಡಿಸುತ್ತಾ ನಕ್ಕ. ನಮ್ಮೂರ ಕಡೆ ಕ್ರೈಸ್ತರನ್ನು ಕರೆಯುವಂತೆ ಅವನು ನನ್ನನ್ನು ಪೊರ್ಬು ಎನ್ನುತ್ತಾನೆ.

"ಎಂತ ಪೊರ್ಬುಗಳೇ, ಎರಡು ಮಾರ್ಕಿಗೆ ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸ್ತೀರಲ್ಲ. ಹಿಂದೂ ಅಂತ ಇರ್ಲಿ ಬಿಡಿ ಮಾರಾಯ್ರೆ."

"ಆ ಸವಾರರು ಎಲ್ಲಿಗೆ ಹೋಗ್ಬೇಕು ಬ್ಯಾರಿಗಳೇ?"

"ಕುದುರೆ ಉಂಟಲ್ಲ, ಹೋಗ್ತಾರೆ." ಮುಳ್ಳನ್ನು ತಟ್ಟೆಯಂಚಿಗಿಟ್ಟು ಕೇಳಿದ, "ಅಲ್ಲ, ಅವರು ಇದ್ದದ್ದು ಹೌದಾ?"

"ಅವರು ಇದ್ದದ್ದು ಹೌದು. ಕುರಾನಿನ ಕಥೆಯೇ ಗೊತ್ತಿಲ್ಲ."

ಮಗಳ ಕಣ್ಣು ತುಂಬಿತ್ತು. "ನಿಮಗೇ ಡೌಟ್ ಇದ್ರೆ ನಾನ್ಯಾಕೆ ಮಾರ್ಕ್ ಕಳ್ಕೊಳ್ಬೇಕು?"

ನ್ಯಾಯವಾದ ಪ್ರಶ್ನೆ. ಕಥೆಯನ್ನು ಬಿಟ್ಟುಕೊಟ್ಟೆ, ಖಾನೆಯನ್ನು ಬಿಡಲಿಲ್ಲ. ನನ್ನ ಸಂಶಯ ಆ ಒಂದು ಕಥೆಯ ಬಗ್ಗೆ. ಹಂಪಿಯಲ್ಲಿ ಬಸದಿಗೂ ಮಸೀದಿಗೂ ಹೋದವರಿದ್ದರು, ಇಸ್ತಾಂಬುಲಿನಲ್ಲಿ ಕ್ರೈಸ್ತರೂ ಯಹೂದಿಗಳೂ ಇದ್ದರು, ಮೊಘಲರ ಸೈನ್ಯವನ್ನು ರಜಪೂತರು ನಡೆಸಿದ್ದರು. ಇದರಲ್ಲಿ ಸಂಶಯವೆಂಥದು? ಇಷ್ಟನ್ನೂ ಬೇರೆ ಕಾಗದದಲ್ಲಿ ಬರೆಸಿ ಹಾಳೆಗೆ ಅಂಟಿಸಿದೆ.

ಹಾಳೆ ವಾಪಸು ಬಂತು. ಕೆಂಪು ಶಾಯಿಯಲ್ಲಿ 'ಒಂದೇ ಶಬ್ದ, ಮತ್ತೆ ಬರೆಯಿರಿ' ಎಂದಿತ್ತು. ಮಗಳು ನನ್ನ ಮುಖ ನೋಡಿದಳು. ಅಂಕ ಅವಳದ್ದು, ತೀರ್ಮಾನವೂ ಅವಳದ್ದೇ. ಅವಳು ರಬ್ಬರು ತೆಗೆದುಕೊಂಡು ಧರ್ಮದ ಮೂರೂ ಖಾನೆಗಳನ್ನು ಉಜ್ಜಿ ಉಜ್ಜಿ ಖಾಲಿ ಮಾಡಿದಳು. ಆಮೇಲೆ ಮೂರಕ್ಕೂ ಪೆನ್ನಿನಲ್ಲಿ ಒಂದೇ ಶಬ್ದ ಬರೆದಳು: ಹಲವು.

ಎರಡು ಅಂಕ ಹೋಯಿತು. ಕೆಳಗಿರುವ ಪೋಷಕರ ಸಹಿ ನನ್ನದೇ. ಅದರಲ್ಲಿ ನನಗೆ ಸಂಶಯವಿಲ್ಲ.