ಗೆರೆಯ ಆಚೆಗೆ ಬಂದ ಫೈರ್ ಇಂಜಿನ್

ಲೈಲ್ ಹಾಲ್ವರ್ಸನ್ ಹದಿನಾಲ್ಕು ವರ್ಷ ಕೌಂಟಿಯ, ಅಂದರೆ ಜಿಲ್ಲೆಯ, ಐವರ ಆಡಳಿತ ಮಂಡಳಿಯಲ್ಲಿ ಕೂತವನು. ದನ ಸಾಕಿ, ಹುಲ್ಲು ಬೆಳೆದು ಬದುಕಿದವನು. ಒಂದು ಡಾಲರನ್ನೂ ಸುಮ್ಮನೆ ಬಿಡುವ ಜಾಯಮಾನದವನಲ್ಲವೆಂದೇ ಜನ ಅವನಿಗೆ ಮತ ಹಾಕುತ್ತಿದ್ದರು.

ಅವನ ಜಮೀನಿದ್ದ ಡ್ರೈ ಫೋರ್ಕ್ ಕಣಿವೆ ಯಾವ ಅಗ್ನಿಶಾಮಕ ವಲಯಕ್ಕೂ ಸೇರಿರಲಿಲ್ಲ, ಅದಕ್ಕೆಂದು ಅಲ್ಲಿನವರು ತೆರಿಗೆಯನ್ನೂ ಕಟ್ಟುತ್ತಿರಲಿಲ್ಲ. ಗುಡ್ಡದ ಆಚೆ ಬದಿಯ ಪೈನ್ ಗ್ಯಾಪ್ ವಲಯದವರು, ಸಂಬಳವಿಲ್ಲದ ಊರವರೇ, ಕರೆ ಬಂದಾಗ ಅಲ್ಲಿಗೂ ಓಡುತ್ತಿದ್ದರು. ಆ ವಸಂತದಲ್ಲಿ ಅವರ ಮುಖ್ಯಸ್ಥ, ಟ್ರ್ಯಾಕ್ಟರ್ ರಿಪೇರಿಯ ರೂಬೆನ್ ಓರ್ಟಿಸ್, ಮಂಡಳಿಯ ಮುಂದೆ ಬಂದು ನಿಂತ. ಕಣಿವೆಯನ್ನು ವಲಯಕ್ಕೆ ಸೇರಿಸಿಕೊಳ್ಳುತ್ತೇವೆ, ಅಲ್ಲಿನ ಆಸ್ತಿ ತೆರಿಗೆಯಲ್ಲಿ ಕೌಂಟಿ ತನ್ನ ಪಾಲಿನಿಂದ ಒಂದಿಷ್ಟು ಕೊಟ್ಟರೆ ಎರಡನೇ ಇಂಜಿನ್ ತಂದು ಅಲ್ಲೇ ನಿಲ್ಲಿಸುತ್ತೇವೆ ಎಂದ. ಯಾರ ತೆರಿಗೆಯೂ ಏರುತ್ತಿರಲಿಲ್ಲ.

"ಆ ದುಡ್ಡು ನಿಂಗೆ ಕೊಟ್ಟು ರಸ್ತೆ ಗುಂಡಿ ಯಾವುದರಿಂದ ಮುಚ್ಲಿ ರೂಬೆನ್, ನಿನ್ನ ಸೈರನ್ನಿಂದ್ಲಾ?" ಎಂದ ಲೈಲ್. ಸಭೆ ನಕ್ಕಿತು. ನಗು ಕೇಳಿ ಅವನಿಗೆ ಹುರುಪು ಬಂತು. "ಅಲ್ಲಯ್ಯಾ, ಹೇಗಿದ್ರೂ ನೀವು ಬಂದೇ ಬರ್ತೀರಿ. ಬರೋರಿಗೆ ದುಡ್ಡು ಯಾಕೆ ಕೊಡ್ಬೇಕು?"

ರೂಬೆನ್ ಕಾಗದ ಮಡಚಿಕೊಂಡು ಹೊರಟುಹೋದ. ಬೇಡಿಕೆ ಮೂರು-ಎರಡು ಮತಗಳಲ್ಲಿ ಬಿದ್ದುಹೋಯಿತು.

ಆಗಸ್ಟಿನ ಒಂದು ಮಧ್ಯಾಹ್ನ ಲೈಲನ ಹುಲ್ಲು ಕಟ್ಟುವ ಯಂತ್ರದ ಬೇರಿಂಗ್ ಕಾದು, ಕಿಡಿ ಒಣ ಕೂಳೆಗೆ ಬಿತ್ತು. ಗಾಳಿ ಕೊಟ್ಟಿಗೆಯ ಕಡೆಗಿತ್ತು. ರೂಬೆನ್ ಮತ್ತು ಇನ್ನು ಮೂವರು ಇದ್ದ ಒಂದೇ ಇಂಜಿನ್ ತಂದು ನೀರು ಹೊಡೆಯತೊಡಗಿದರು. ಅಷ್ಟರಲ್ಲಿ ಇಂಜಿನ್ನಿನ ರೇಡಿಯೊ ಗುರುಗುಟ್ಟಿತು. ಪೈನ್ ಗ್ಯಾಪಿನಲ್ಲಿ ಮಾವಿಸ್ ಕ್ರೂಗರಳ ಮನೆಗೆ ಬೆಂಕಿ. ರೂಬೆನ್ ಗುಡ್ಡದತ್ತ ನೋಡಿದ, ಕೊಟ್ಟಿಗೆಯತ್ತ ನೋಡಿದ. ಅರ್ಧಕ್ಕೆ ಬಿಟ್ಟುಹೋದರೆ ಇಡೀ ಕಣಿವೆಯೇ ಹೊತ್ತಿಕೊಳ್ಳುತ್ತಿತ್ತು. ಮತ್ತೆ ಪೈಪು ಹಿಡಿದ. ಪಕ್ಕದಲ್ಲೇ ನಿಂತಿದ್ದ ಲೈಲನಿಗೆ ರೇಡಿಯೊದ ಪ್ರತಿ ಮಾತೂ ಕೇಳಿಸಿತ್ತು.

ಮಾವಿಸ್ ವಿಧವೆ, ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು, ಲೈಲನ ಹೆಣ್ಣುಮಕ್ಕಳನ್ನೂ ಕರೆದೊಯ್ದವಳು. ಮೂವತ್ತು ವರ್ಷ ಆ ವಲಯಕ್ಕೆ ತೆರಿಗೆ ಕಟ್ಟಿದ್ದಳು. ಇಂಜಿನ್ ತಲುಪುವ ಹೊತ್ತಿಗೆ ಚಿಮಣಿಯೊಂದೇ ನಿಂತಿತ್ತು.

ಮರುದಿನ ಲೈಲ್ ಅಲ್ಲಿಗೆ ಹೋದ. ತುಂಬ ಹೊತ್ತು ಗಾಡಿಯಿಂದ ಇಳಿಯಲಾಗಲಿಲ್ಲ. ಅವಳೇ ಬೂದಿ ಕೆದಕುವುದು ಬಿಟ್ಟು ಹತ್ತಿರ ಬಂದಳು.

"ಇಳಿ ಲೈಲ್. ಕೂರು ಅನ್ನೋಕೆ ಕುರ್ಚಿ ಇಲ್ಲ."

"ಇಂಜಿನ್ ನನ್ನ ಹೊಲದಲ್ಲಿತ್ತು, ಮಾವಿಸ್."

"ಗೊತ್ತು. ಊರಿಗೆಲ್ಲ ಗೊತ್ತು. ದನ ಉಳಿದ್ವಾ?"

"ಉಳಿದ್ವು."

"ಸದ್ಯ. ಪಾಪ, ಅವೇನು ಮಾಡಿದ್ವು."

ಆಳುಗಳಿಗೆಂದು ಕಟ್ಟಿಸಿದ ಮನೆ ಖಾಲಿಯಿದೆ, ಬಂದಿರು ಎಂದು ಲೈಲ್ ತೊದಲಿದ.

"ನಿನ್ನ ಕಣಿವೇಲಾ? ಅಲ್ಲಿ ಬೆಂಕಿ ಬಿದ್ರೆ ಯಾರು ಬರ್ತಾರೆ?" ಎಂದಳು. ಅವಳು ಚುಚ್ಚಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಸೆಪ್ಟೆಂಬರ್ ಸಭೆಯಲ್ಲಿ ಲೈಲ್ ತಾನೇ ವಿಷಯ ಎತ್ತಿದ. ವಸಂತದ ಸಭೆಯ ನಡಾವಳಿ ತರಿಸಿ, ತಾನಾಡಿದ ಮಾತನ್ನು ಎದ್ದುನಿಂತು ಓದಿದ. ಈ ಸಲ ಯಾರೂ ನಗಲಿಲ್ಲ. "ಇದು ನಾನು ಹೇಳಿದ್ದು. ಅಳಿಸಬೇಡಿ," ಎಂದ. ಐದೂ ಮತ ಪರವಾಗಿ ಬಿದ್ದವು. ಕೌಂಟಿ ತನ್ನ ಪಾಲು ಬಿಟ್ಟುಕೊಟ್ಟಿತು.

ಹೊರಗೆ ಅವನು ರೂಬೆನ್‌ನತ್ತ ಕೈ ಚಾಚಿದ. ರೂಬೆನ್ ಕೈ ಕುಲುಕಿ ಹೇಳಿದ: "ನನ್ನ ಹತ್ರ ಕ್ಷಮೆ ಕೇಳ್ಬೇಡಿ ಲೈಲ್. ಪೈಪು ಬಿಡದೆ ಅಲ್ಲೇ ನಿಂತೋನು ನಾನು. ನನಗೂ ನಿದ್ದೆ ಇಲ್ಲ."

ತನ್ನ ಮಾತು ಇನ್ನೊಬ್ಬನಿಗೂ ಇಂಥ ಹೊರೆ ಹೊರಿಸಿದೆಯೆಂದು ಲೈಲನಿಗೆ ಆಗಲೇ ತಿಳಿದದ್ದು.

ಎರಡನೇ ಇಂಜಿನ್ನಿನ ಶೆಡ್ಡಿಗೆ ತನ್ನ ಜಮೀನಿನಲ್ಲೇ ಜಾಗ ಕೊಟ್ಟ. ಅದಕ್ಕೆ ಅವನ ಹೆಸರಿಡಲು ಹೊರಟವರನ್ನು ಗದರಿದ. ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಮಾವಿಸ್ ಹಳೆಯ ಜಾಗದಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡಳು. ದಿನಸಿ ಅಂಗಡಿಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಮಾತಾಡಿಸುತ್ತಾಳೆ. ಲೈಲ್ ಉತ್ತರ ಕೊಡುತ್ತಾನೆ, ಅವಳ ಮುಖ ನೋಡಲಾರದೆ ಕೈಚೀಲವನ್ನು ನೋಡುತ್ತ.