ಗೇಟಿನ ತುಕ್ಕು

ನಮ್ಮಪ್ಪ ಗಂಗುಲಪ್ಪ ಇಪ್ಪತ್ತೆರಡು ವರ್ಷ ಸರಕು ಹಡಗಿನಲ್ಲಿ ಖಲಾಸಿಯಾಗಿದ್ದವರು. ಉಪ್ಪು ಗಾಳಿಗೆ ಹಡಗಿನ ಕಬ್ಬಿಣ ದಿನವೂ ತುಕ್ಕು ಹಿಡಿಯುತ್ತಿತ್ತಂತೆ. ಮೂತಿಯಿಂದ ಬಾಲದವರೆಗೆ ಸುತ್ತಿಗೆಯಲ್ಲಿ ಕುಟ್ಟಿ, ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಮೂತಿ ಮತ್ತೆ ಕೆಂಪಾಗಿರುತ್ತಿತ್ತಂತೆ.

೧೯೯೭ರಲ್ಲಿ ಕೆಲಸ ಬಿಟ್ಟು ಮುಳಬಾಗಿಲಿಗೆ ಬಂದರು. ಬಂದವರು ಕೂತಲ್ಲಿ ಕೂರಲಿಲ್ಲ. ದಿನಕ್ಕೆ ನಾಲ್ಕು ಸಲ ಹೈವೇವರೆಗೆ ನಡೆದು, ಮದರಾಸಿನ ಕಡೆ ಹೋಗುವ ಲಾರಿಗಳನ್ನು ನೋಡಿ ಬರುತ್ತಿದ್ದರು. ಮಂಚದ ಕೆಳಗಿನ ಟ್ರಂಕು ಎಳೆದು ಬಟ್ಟೆ ತುಂಬುವುದು, ಮತ್ತೆ ತೆಗೆಯುವುದು. ನನಗೆ ರೇಗಿಹೋಗುತ್ತಿತ್ತು. ಹೊರಡುವುದಾದರೆ ಹೊರಟುಬಿಡಿ ಎಂದು ಒಮ್ಮೆ ಕೂಗಿಯೂ ಬಿಟ್ಟೆ.

ಅವರು ನೆಮ್ಮದಿಯಾಗಿ ಕೂತಿದ್ದು ಒಂದೇ ಕಡೆ, ಮನೆಯ ಹಳೇ ಗೇಟಿನ ಮುಂದೆ. ಅದರ ತುಕ್ಕು ಕುಟ್ಟುತ್ತಾ ಯಾವ್ಯಾವುದೋ ಬಂದರಿನ ಕಥೆ ಹೇಳುತ್ತಿದ್ದರು. ಒಂದು ತಿಂಗಳಿಗೆ ಗೇಟಿಗೆ ಬಣ್ಣ ಬಳಿದು ಮುಗಿಯಿತು. ನಮ್ಮ ಒಣ ಹವೆಯಲ್ಲಿ ಹೊಸ ತುಕ್ಕು ಎಲ್ಲಿಂದ ಬರಬೇಕು? ಟ್ರಂಕು ಮತ್ತೆ ಹೊರಬಂತು.

ಆಮೇಲೊಂದು ಬೆಳಿಗ್ಗೆ ಅಪ್ಪ ಗೇಟಿನ ಹತ್ತಿರದಿಂದ ಅಮ್ಮನನ್ನು ಕೂಗಿದರು: "ಲೇ ಆಂಜಿ, ಮೇಲಿನ ಸರಳಿಗೆ ತುಕ್ಕು ಬಂದೈತೆ ಕಣೇ! ಸುತ್ತಿಗೆ ಎಲ್ಲಿ?"

ಅಮ್ಮನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಪಕ್ಕದಲ್ಲಿ ಕುಡುಗೋಲಿಟ್ಟುಕೊಂಡು, ಚೆಂಬಿನ ನೀರಿಗೆ ಕಲ್ಲುಪ್ಪು ಹಾಕಿ ಕಲಕುತ್ತಿದ್ದಳು. ನನ್ನನ್ನು ಕಂಡವಳೇ ಕಣ್ಣು ಬಿಟ್ಟಳು.

"ಅವ್ರು ಸ್ನಾನಕ್ಕೋದಾಗ ಕೆಳಗಿನ ಸರಳು ಕೆರೆದು ಇದನ್ನ ಹುಯ್ಯಬೇಕು. ಬಾಯಿ ಬಿಟ್ಟೀಯ, ಜೋಕೆ!"